ಬಾಯಿ ಬಿಡುವ ಬೆದರಿಕೆ

ಜನವರಿ ೧೧

ಅಪ್ಪಾ,

ಕೊನೆಗೂ ನಿನಗೆ ಕಾಗದ ಬರೆಯಲು ಅನುಮತಿ ಸಿಕ್ಕಿತು. ಜೈಲಿನ ಗೇಟಿನ ಪಕ್ಕದ ಕಿಟಕಿಯಲ್ಲಿ ಕೂತ ಗುಮಾಸ್ತ, "ಎಲ್ಲಾ ಕಾಗದ ಓದಿಯೇ ಒಳಗೆ ಬಿಡೋದು, ನೋಡ್ಕೊಂಡು ಬರಿಯಮ್ಮ" ಅಂದ. "ಓದಲಿ ಬಿಡಿ, ನಾನು ಬರೆದದ್ದು ಯಾರೂ ಓದಲ್ಲ ಅಂತ ಕೊರಗ್ತಿದ್ದೆ" ಅಂದೆ. ಅವನಿಗೆ ನಗು ಬರಲಿಲ್ಲ. ಈಗ ಇದನ್ನು ಓದುತ್ತಿರುವ ಸಾಹೇಬರೇ, ನಿಮಗೂ ನಮಸ್ಕಾರ. ಇದರಲ್ಲಿ ಗುಟ್ಟೇನೂ ಇಲ್ಲ. ಗುಟ್ಟು ಎಂಬುದರಲ್ಲೇ ನನಗೆ ನಂಬಿಕೆ ಇಲ್ಲ.

ಅಪ್ಪಾ, ನಿನ್ನ ಮೇಲಿನ ಆರೋಪಪಟ್ಟಿಯನ್ನು ನ್ಯಾಯಾಲಯದ ಮೊಗಸಾಲೆಯಲ್ಲಿ ನಿಂತುಕೊಂಡೇ ಓದಿದೆ. ಇಷ್ಟು ವರ್ಷ ನಿನ್ನದು ಹವಾಮಾನ ಇಲಾಖೆಯ ಕೆಲಸ ಎಂದು ನಂಬಿದ್ದೆ. "ನಾಳೆ ಮಳೆ ಬರುತ್ತಾ ಅಪ್ಪಾ" ಎಂದು ಕೇಳಿದಾಗ ನೀನು ಹೇಳಿದ್ದು ಒಂದು ಸಲವೂ ನಿಜವಾಗದ್ದು ಏಕೆಂದು ಈಗ ತಿಳಿಯಿತು. ಊರ ಹಿಂದಿನ ಗುಡ್ಡದ ಮೇಲೆ ಕೂತು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಗಡಿಯಾಚೆಯವರ ರೇಡಿಯೊ ಮಾತು ಕದ್ದು ಕೇಳಿ ಬರೆದುಕೊಳ್ಳುವುದು ನಿನ್ನ ಕೆಲಸವಂತೆ. ಕೇಳುವವನು ಕೇಳಬೇಕು, ಎಂದಿಗೂ ಮಾತಾಡಕೂಡದು. ಅದು ನಿಮ್ಮ ಕಚೇರಿಯ ಮೊದಲ ನಿಯಮ, ಕೊನೆಯದೂ ಅದೇ.

ಕಳೆದ ಚಳಿಗಾಲ ಹಿಮ ಕುಸಿದು ಆಚೆಯವರ ಒಂದು ಠಾಣೆ ಹೂತುಹೋಯಿತು. ನಾಲ್ವರು ಒಳಗೆ ಸಿಕ್ಕಿಬಿದ್ದು ರೇಡಿಯೊದಲ್ಲಿ ಮೊರೆಯಿಟ್ಟರು. ಆ ಮೊರೆ ಅವರದೇ ಮುಖ್ಯ ಕೇಂದ್ರಕ್ಕೆ ಮುಟ್ಟಲಿಲ್ಲ, ನಿನ್ನ ಕಿವಿಗೆ ಮುಟ್ಟಿತು. ನೀನು ಗುಂಡಿ ಒತ್ತಿ, ಅವರದೇ ಗುಪ್ತ ಸಂಕೇತದಲ್ಲಿ, ಅವರ ಮುಖ್ಯ ಕೇಂದ್ರಕ್ಕೆ ಸುದ್ದಿ ತಲುಪಿಸಿದೆ. ನೀನು ಮಾಡಿದ್ದು ಇಷ್ಟೇ. ಇದರಿಂದ ಅವರ ಸಂಕೇತವನ್ನು ನಾವು ಬಿಡಿಸಿದ್ದೇವೆ ಎಂದು ಅವರಿಗೆ ತಿಳಿದುಹೋಯಿತಂತೆ. ಇದಕ್ಕೆ ಗೂಢಚರ್ಯೆ ಎಂದು ಹೆಸರಿಟ್ಟಿದ್ದಾರೆ! ಮುಳುಗುವವನ ಕೈ ಹಿಡಿದರೆ, ಆ ಕೈ ಯಾವ ಊರಿನದು ಎಂದು ಕೇಳುವ ಈ ಸರ್ಕಾರಕ್ಕೆ ███████████ ಎಂದು ನಾನು ಬೀದಿಯಲ್ಲಿ ನಿಂತು ಹೇಳಬಲ್ಲೆ.

ವಕೀಲರು ಸಿಕ್ಕಿದ್ದಾರೆ. ಬೇರೆಯವರೆಲ್ಲ ನಿನ್ನ ಹೆಸರು ಕೇಳುತ್ತಲೇ ಬಾಗಿಲು ತೋರಿಸಿದರು. ಸೈಕಲ್ ಅಂಗಡಿಯ ಮಹಡಿಯ ಮೇಲೆ ಕಚೇರಿ ಇಟ್ಟಿರುವ ಮುದುಕಿ ಮಾತ್ರ, "ಕೂತ್ಕೋ, ಮೊದಲು ಅಳೋದು ಮುಗಿಸು, ಆಮೇಲೆ ಹೇಳು" ಅಂದರು. ನಾನು ಅಳುತ್ತಿರಲಿಲ್ಲ, ಸಿಟ್ಟಿನಲ್ಲಿದ್ದೆ. ಅವರಿಗೆ ವ್ಯತ್ಯಾಸ ಕಾಣಲಿಲ್ಲ.

ನಿನ್ನ ಮಗಳು


ಜನವರಿ ೨೬

ಪುಟ್ಟೀ,

ಕಾಗದ ಬಂತು. ನಡುವೆ ಮಸಿ ಬಳಿದಿದ್ದರು. ಬೈಗುಳವೇ ಇರಬೇಕು, ನಿನ್ನ ಶೈಲಿ ನನಗೆ ಗೊತ್ತಿಲ್ಲವೇ? ಮಸಿ ಸಾಹೇಬರು ಕೆಟ್ಟವರಲ್ಲ. ಅವರ ಮೇಜಿನ ಮೇಲೆ ದಿನಕ್ಕೆ ಒಂದು ಗೋಣಿ ಕಾಗದ ಬೀಳುತ್ತದಂತೆ. ಬೇರೆಯವರ ಮಾತು ಓದುತ್ತಾ ಕೂರುವ ಕೆಲಸ ಎಂಥದು ಎಂದು ನನಗಿಂತ ಚೆನ್ನಾಗಿ ಯಾರು ಬಲ್ಲರು!

ನಾನು ಚೆನ್ನಾಗಿದ್ದೇನೆ. ಹರಿದ ಕಂಬಳಿಗೆ ತೇಪೆ ಹಾಕುವ ಕೆಲಸ ಕೊಟ್ಟಿದ್ದಾರೆ. ನನ್ನ ಕೋಣೆಯಲ್ಲಿರುವವನು ಬೀಗ ಒಡೆಯುವುದರಲ್ಲಿ ನಿಪುಣ. "ನೀವೇನು ಕದ್ರಿ ಯಜಮಾನ್ರೇ?" ಅಂತ ಕೇಳಿದ. "ಕದ್ದದ್ದಲ್ಲಪ್ಪ, ಮಾತಾಡಬಾರದ ಕಡೆ ಮಾತಾಡಿದೆ" ಅಂದೆ. "ಅಯ್ಯೋ, ಅದಕ್ಕೆಲ್ಲ ಒಳಗೆ ಹಾಕೋದಾದ್ರೆ ನಮ್ ಭಾವಮೈದನಿಗೆ ಗಲ್ಲೇ ಗತಿ" ಅಂದ. ಆಮೇಲೆ ನಾನು ಮಾಡಿದ್ದನ್ನು ಪೂರ್ತಿ ಕೇಳಿಸಿಕೊಂಡ. ತನ್ನ ದಪ್ಪ ಕಂಬಳಿ ನನಗೆ ಕೊಟ್ಟು ನನ್ನ ತೆಳುವಾದದ್ದು ತಾನು ತಗೊಂಡ.

ವಕೀಲಮ್ಮನಿಗೆ ಒಂದು ಮಾತು ಕೇಳು. ಆ ನಾಲ್ವರು ಬದುಕಿದರೇ? ಗುಂಡಿ ಒತ್ತಿದ ಕೂಡಲೇ ನನ್ನನ್ನು ಕುರ್ಚಿಯಿಂದ ಎಬ್ಬಿಸಿದರು. ಆಮೇಲೆ ಏನಾಯಿತೆಂದು ನನಗೆ ಯಾರೂ ಹೇಳಿಲ್ಲ.

ಊಟ ತಪ್ಪಿಸಬೇಡ. ಕ್ರಾಂತಿ ಹೊಟ್ಟೆ ತುಂಬಿದ ಮೇಲೂ ಆಗುತ್ತದೆ.

ಅಪ್ಪ


ಫೆಬ್ರವರಿ ೬

ಹುಡುಗೀ,

ನೀನು ನನ್ನ ಕಚೇರಿಗೆ ಬಂದಾಗಲೆಲ್ಲ ನೀನೇ ಮಾತಾಡುತ್ತೀಯ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಅಡ್ಡ ಬಾಯಿ ಹಾಕಲು ಆಗುವುದಿಲ್ಲವಲ್ಲ.

ನಾಲ್ವರೂ ಬದುಕಿದ್ದಾರೆ. ಸರ್ಕಾರದವರೇ ಕೊಟ್ಟ ಕಡತದಲ್ಲಿದೆ. ನಿನ್ನಪ್ಪನಿಗೆ ನಾನೇ ಹೇಳಿದೆ. ಗೋಡೆ ಕಡೆ ತಿರುಗಿ ಕೂತುಬಿಟ್ಟ.

ಈಗ ಕೇಸಿನ ವಿಷಯ. ಅವನು ಮಾತಾಡಿದ್ದು ಹೌದು, ಅದನ್ನು ಅಲ್ಲಗಳೆಯಲು ಆಗದು. ಆದರೆ ಕಾನೂನಿನಲ್ಲಿ ಒಂದು ಕಿಂಡಿ ಇದೆ. ಸಾಯುತ್ತಿರುವವರನ್ನು ಉಳಿಸಲು ಬೇರೆ ದಾರಿಯಿಲ್ಲದೆ ಮಾಡಿದ್ದಾದರೆ ಅಪರಾಧವಾಗದು. ಸರ್ಕಾರಿ ವಕೀಲರು ಇದಕ್ಕೆ ಏನನ್ನುತ್ತಾರೆ ಗೊತ್ತೇ? "ಆ ಮೊರೆ ಶತ್ರುವಿನ ನಾಟಕವೂ ಆಗಿರಬಹುದಿತ್ತು. ನಿಜವೆಂದು ಇವನಿಗೆ ಹೇಗೆ ಗೊತ್ತಾಯಿತು?" ಒಳ್ಳೆಯ ಪ್ರಶ್ನೆಯೇ. ಅದಕ್ಕೆ ನಿನ್ನಪ್ಪನ ಬಳಿ ಉತ್ತರವೂ ಇದೆ, ಬಂಡೆಯಂಥ ಉತ್ತರ. ತೊಂದರೆ ಏನೆಂದರೆ ಆ ಉತ್ತರವೇ ಸರ್ಕಾರದ ಗುಟ್ಟು. ಸಂಕೇತವನ್ನು ಹೇಗೆ ಬಿಡಿಸಿದರು ಎಂಬುದು ಅದರೊಳಗೇ ಇದೆ. ಗುಟ್ಟು ಕಾಯುವ ಪ್ರಮಾಣ ಮಾಡಿದ ಮೇಲೆ ನನಗೆ ತಿಳಿಸಿದ್ದಾರೆ. ನಿನಗೆ ಹೇಳುವಂತಿಲ್ಲ.

ಇಲ್ಲೇ ನಮ್ಮ ಪಟ್ಟು. "ನಮ್ಮ ಕಕ್ಷಿಗಾರ ಈ ಉತ್ತರವನ್ನು ತೆರೆದ ನ್ಯಾಯಾಲಯದಲ್ಲಿ, ಎಲ್ಲರೆದುರು ಹೇಳುತ್ತಾನೆ" ಎಂದು ಮುಂಚಿತವಾಗಿ ನೋಟಿಸು ಕೊಡುವುದು. ಆಗ ಸರ್ಕಾರಕ್ಕೆ ಎರಡೇ ದಾರಿ. ಗುಟ್ಟು ಬಯಲಾಗಲು ಬಿಡಬೇಕು, ಇಲ್ಲವೇ ಕೇಸು ಬಿಡಬೇಕು. ಸಾಮಾನ್ಯವಾಗಿ ಕೇಸು ಬಿಡುತ್ತಾರೆ. ನನ್ನ ಜೊತೆಯ ವಕೀಲರು ಇದನ್ನು ಕೋಟು ಹಾಕಿಕೊಂಡ ಬ್ಲ್ಯಾಕ್‌ಮೇಲ್ ಎನ್ನುತ್ತಾರೆ. ಎನ್ನಲಿ. ಮನೆಯ ಗುಟ್ಟು ಬಲ್ಲ ಸೊಸೆಯನ್ನು ಯಾವ ಅತ್ತೆಯೂ ಬೀದಿಗೆ ತಳ್ಳುವುದಿಲ್ಲ.

ಆದರೆ ಬಾಗಿಲು ಮುಚ್ಚಿ ವಿಚಾರಣೆ ನಡೆಸಿದರೆ ಈ ಬೆದರಿಕೆಗೆ ಹಲ್ಲಿರುವುದಿಲ್ಲ. ಆದ್ದರಿಂದ ತೆರೆದ ವಿಚಾರಣೆ ಬೇಕೆಂದು ನಿನ್ನ ಗೆಳೆಯರ ಗುಂಪು ಎಷ್ಟು ಕೂಗಿದರೂ ನನಗೆ ಲಾಭವೇ.

ಕಷ್ಟ ಒಂದೇ. ನಿನ್ನಪ್ಪ ನೋಟಿಸಿಗೆ ರುಜು ಹಾಕುತ್ತಿಲ್ಲ. ಕಾರಣ ನನಗೆ ಗೊತ್ತು, ಅದನ್ನೂ ಹೇಳುವಂತಿಲ್ಲ. ನೀನು ಒಂದು ಮಾತು ಬರೆದು ನೋಡು.

ವಕೀಲಮ್ಮ


ಫೆಬ್ರವರಿ ೯

ಅಪ್ಪಾ,

ನೀನು ರುಜು ಹಾಕುತ್ತಿಲ್ಲ ಎಂದು ವಕೀಲಮ್ಮ ಹೇಳಿದರು. ಕೇಳಿ ಮೈ ಉರಿದುಹೋಯಿತು. ಯಾರ ಗುಟ್ಟನ್ನು ಕಾಯುತ್ತಿದ್ದೀಯ ಅಪ್ಪಾ? ನಿನ್ನ ಕೈಗೆ ಬೇಡಿ ಹಾಕಿದವರದೇ? ಮನೆಗೆ ನುಗ್ಗಿ ನನ್ನ ಪುಸ್ತಕಗಳನ್ನು ಮೂಟೆ ಕಟ್ಟಿಕೊಂಡು ಹೋದವರದೇ?

ಮಂಚದ ಕೆಳಗಿದ್ದ ನನ್ನ ಕರಪತ್ರಗಳನ್ನು ನೀನು ತಮಾಷೆ ಮಾಡುತ್ತಿದ್ದೆ. "ಇದನ್ನೆಲ್ಲ ಓದಿದ್ರೆ ತಲೆ ಬಿಸಿಯಾಗತ್ತೆ ಪುಟ್ಟೀ, ಚಳಿಗಾಲಕ್ಕೆ ಒಳ್ಳೇದು" ಎನ್ನುತ್ತಿದ್ದೆ. ಅದರಲ್ಲೊಂದು ಮಾತಿತ್ತು. ಜನರಿಂದ ಮುಚ್ಚಿಟ್ಟದ್ದೆಲ್ಲ ಜನರ ವಿರುದ್ಧವೇ ಇರುತ್ತದೆ ಎಂದು. ನಾನು ಅದನ್ನು ನಂಬುತ್ತೇನೆ. ಎರಡೂ ಕಡೆಯ ದೊಡ್ಡವರು ಗುಟ್ಟು ಗುಟ್ಟು ಎನ್ನುತ್ತಾ, ಎರಡೂ ಕಡೆಯ ಬಡವರನ್ನು ಹಿಮದ ಮೇಲೆ ನಿಲ್ಲಿಸಿದ್ದಾರೆ. ನೀನು ಬಾಯಿ ಬಿಟ್ಟರೆ ಆ ಗೋಡೆಯ ಒಂದು ಕಲ್ಲಾದರೂ ಬೀಳುತ್ತದೆ. ಜೊತೆಗೆ ನೀನು ಮನೆಗೆ ಬರುತ್ತೀಯ. ಇದರಲ್ಲಿ ಯೋಚಿಸುವುದೇನಿದೆ?

ಮನೆ ಬಿಕೋ ಎನ್ನುತ್ತಿದೆ. ಅದನ್ನು ಬರೆಯಬಾರದು ಎಂದುಕೊಂಡಿದ್ದೆ.

ರುಜು ಹಾಕು.

ನಿನ್ನ ಮಗಳು


ಫೆಬ್ರವರಿ ೨೮

ಪುಟ್ಟೀ,

ರುಜು ಹಾಕಿದೆ. ಒಂದು ಕಡೆ ವಕೀಲಮ್ಮ, ಇನ್ನೊಂದು ಕಡೆ ನೀನು. ನಡುವೆ ಸಿಕ್ಕವನಿಗೆ ಜೈಲೇ ವಾಸಿ.

ನಿನಗೊಂದು ವಿಷಯ ಹೇಳಬೇಕು. ಮಸಿ ಸಾಹೇಬರು ಎಷ್ಟು ಉಳಿಸುತ್ತಾರೋ ನೋಡೋಣ. ಒಬ್ಬನ ದನಿಯನ್ನು ವರ್ಷಗಟ್ಟಲೆ ಕೇಳುತ್ತಾ ಬಂದರೆ ಅವನು ನಿನಗೆ ಏನಾಗುತ್ತಾನೆ? ಗೆಳೆಯ ಅಲ್ಲ, ಅವನಿಗೆ ನಾನು ಇದ್ದೇನೆ ಎಂದೇ ಗೊತ್ತಿಲ್ಲ. ಶತ್ರು ಅನ್ನೋಣವೆಂದರೆ, ಅವನಿಗೆ ನೆಗಡಿಯಾದಾಗ ನಾನು ಕಷಾಯ ಕುಡಿದಿದ್ದೇನೆ. ಅವನು ರಜೆ ಹಾಕಿದ ದಿನ ನನಗೆ ಕೆಲಸವೇ ಹತ್ತುತ್ತಿರಲಿಲ್ಲ. ಅವನ ದನಿಯಲ್ಲಿ ██████████████████ ██████████████.

ನೀನು ಜನ ಜನ ಎಂದು ಬರೆಯುತ್ತೀಯ. ನನಗೆ ಜನ ಯಾರೂ ಗೊತ್ತಿಲ್ಲ ಮಗಳೇ. ಒಬ್ಬ ಗೊತ್ತು.

ಅಪ್ಪ


ಮಾರ್ಚ್ ೧೬

ಅಪ್ಪಾ,

ಗೆದ್ದೆವು! ಪೂರ್ತಿ ಅಲ್ಲ, ಆದರೂ ಗೆಲುವೇ. ವಿಚಾರಣೆ ತೆರೆದ ಬಾಗಿಲಲ್ಲೇ ನಡೆಯಬೇಕೆಂದು ನ್ಯಾಯಾಧೀಶರು ಆದೇಶ ಮಾಡಿದರು. ಒಂದು ತಿಂಗಳು ನ್ಯಾಯಾಲಯದ ಮೆಟ್ಟಿಲ ಮೇಲೆ ಕೂತು ಕೂಗಿದ್ದಕ್ಕೆ ಸಾರ್ಥಕವಾಯಿತು. ವಕೀಲಮ್ಮ ನೋಟಿಸು ಸಲ್ಲಿಸಿದಾಗ ಸರ್ಕಾರಿ ವಕೀಲರ ಮುಖ ನೀನು ನೋಡಬೇಕಿತ್ತು. ಓದುತ್ತಾ ಓದುತ್ತಾ ಕೋಟಿನ ಗುಂಡಿ ಹಾಕುವುದು, ತೆಗೆಯುವುದು, ಮತ್ತೆ ಹಾಕುವುದು. ವಕೀಲಮ್ಮ ನನ್ನ ಕಿವಿಯಲ್ಲಿ, "ನೋಡು, ಗುಂಡಿ ಕಿತ್ತು ಬಂದ್ರೆ ಕೇಸು ಬಿಟ್ಟಂತೆ" ಅಂದರು.

ಈಗ ಬಿಡಬಾರದು, ಇನ್ನಷ್ಟು ಬಿಸಿ ಮುಟ್ಟಿಸಬೇಕು. ನಮ್ಮ ಕರಪತ್ರ ಅಚ್ಚು ಹಾಕುವ ಮುದ್ರಣಾಲಯದ ಯಜಮಾನರು ನಾನೇ ಕಾಗದ ತಂದರೆ ಯಂತ್ರ ಓಡಿಸಿಕೊಳ್ಳಬಹುದು ಎಂದಿದ್ದಾರೆ. ದೊಡ್ಡ ಕರಪತ್ರ. ಗಡಿಯ ಸಂತೆಗೂ ಕಳಿಸುತ್ತೇವೆ, ಅಲ್ಲಿಂದ ಲಾರಿಯವರು ಆಚೆಗೂ ಒಯ್ಯುತ್ತಾರೆ. ಎರಡೂ ಕಡೆಯವರು ಓದಲಿ. ಕರಡು ಪ್ರತಿ ಇದರ ಜೊತೆಗಿದೆ. ಸರ್ಕಾರವನ್ನು ಬೈದ ಕಡೆಯೆಲ್ಲ ಮಸಿ ಬೀಳುತ್ತದೆ ಎಂದು ಗೊತ್ತು. ಎರಡನೆಯ ಭಾಗಕ್ಕೆ ಬೀಳಲಾರದು, ಅದು ಬರೀ ನಮ್ಮ ಮನೆಯ ಮಾತು. ನನ್ನ ಗೆಳೆಯರಿಗೆ ಇಡೀ ಕರಪತ್ರದಲ್ಲಿ ಅದೇ ತುಂಬ ಹಿಡಿಸಿತು:

"ಇವರು ದೇಶದ್ರೋಹಿ ಎನ್ನುವ ಈ ಮನುಷ್ಯ ಮನೆಯಲ್ಲಿ ಹೇಗಿದ್ದ ಗೊತ್ತೇ? ನಾನು ಚಿಕ್ಕವಳಿದ್ದಾಗ ದಿನಾ ಬೆಳಗ್ಗೆ ನನ್ನ ಹೊದಿಕೆ ಎಳೆದು, ಎರಡು ಸಲ ಕೆಮ್ಮಿ, ಮೂಗಿನಲ್ಲಿ ಮಾತಾಡುತ್ತಾ, ಗಡಿಯಾಚೆಯ ಭಾಷೆಯಲ್ಲಿ, 'ಎದ್ದೆಯಾ ಅಣ್ಣಾ? ಅಮ್ಮನ ಮಂಡಿನೋವು ಹೇಗಿದೆ?' ಎಂದು ಕೇಳುತ್ತಿದ್ದ. ನಮ್ಮದು ಅಮ್ಮ ತೀರಿಕೊಂಡ ಮನೆ. ಅಣ್ಣನೂ ಇಲ್ಲ. 'ಯಾರ ಮಂಡಿ ಅಪ್ಪಾ?' ಎಂದರೆ 'ಕೆಮ್ಮಣ್ಣನ ಅಮ್ಮಂದು' ಎನ್ನುತ್ತಿದ್ದ. ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಾ ಏಳುತ್ತಿದ್ದೆ. ಯಾವುದೋ ದೂರದ ತಾಯಿಯ ಮಂಡಿಗೆ ಮರುಗುವವನು ಯಾರಿಗೆ ದ್ರೋಹ ಬಗೆದಾನು?"

ಹೇಗಿದೆ? ಸೋಮವಾರವೇ ಯಂತ್ರಕ್ಕೆ ಹೋಗಬೇಕಿತ್ತು, ಕಾಗದ ಸಿಗದೆ ತಿಂಗಳ ಕೊನೆಗೆ ಮುಂದೂಡಿದ್ದೇವೆ. ಅಷ್ಟರೊಳಗೆ ಹೊಗಳಿ ಬರೆ.

ನಿನ್ನ ಮಗಳು


ಮಾರ್ಚ್ ೨೪

ಪುಟ್ಟೀ,

ಕರಪತ್ರ ಚೆನ್ನಾಗಿದೆ. ಮಸಿ ಬೀಳದೆ ಉಳಿದಷ್ಟು ಓದಿದೆ.

ಎರಡನೆಯ ಭಾಗ ತೆಗೆದುಹಾಕು. ಸರ್ಕಾರವನ್ನು ಎಷ್ಟು ಬೇಕಾದರೂ ಬೈ. ಮನೆಯ ಮಾತು ಬೀದಿಗೆ ತರುವುದು ನನಗೆ ಇಷ್ಟವಿಲ್ಲ. ನಾಲ್ಕು ಜನ ನಗುತ್ತಾರೆ.

ನೀನು ಯಾಕೆ ಎಂದು ಕೇಳುತ್ತೀಯ. ಕೇಳಬೇಡ. ನೀನು ಹುಟ್ಟಿದಾಗಿನಿಂದ ನಿನ್ನ ಪ್ರಶ್ನೆಗಳಿಗೆಲ್ಲ ನಿಜವೋ ಸುಳ್ಳೋ ಉತ್ತರ ಕೊಟ್ಟಿದ್ದೇನೆ. ಇದಕ್ಕೆ ಕೊಡುವುದಿಲ್ಲ. ಒಂದು ಪ್ರತಿಯೂ ಹೊರಗೆ ಹೋಗಬಾರದು. ಹೋಗಿದ್ದರೆ ವಾಪಸು ತಂದುಕೋ.

ಕೂಡಲೇ ನಿನ್ನನ್ನು ನೋಡಬೇಕೆಂದು ವಕೀಲಮ್ಮನಿಗೆ ಹೇಳಿ ಕಳಿಸಿದ್ದೇನೆ.

ಅಪ್ಪ


ಮಾರ್ಚ್ ೩೧

ವಕೀಲಮ್ಮನವರಿಗೆ,

ನಿನ್ನೆ ನೀವು ಮುದ್ರಣಾಲಯಕ್ಕೆ ಬಂದಿರಿ. ಆ ಕಡಿದಾದ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಬಂದು, ಕರಡಿನ ಎರಡನೆಯ ಭಾಗ ಓದಿದಿರಿ. ನಿಮ್ಮ ಮುಖದಲ್ಲಿ ರಕ್ತವೇ ಇರಲಿಲ್ಲ. "ಅಚ್ಚಾಗಿದೆಯಾ?" ಅಂದಿರಿ. "ಪ್ಲೇಟು ಮಾತ್ರ ಆಗಿದೆ" ಅಂದೆ. ನೀವು ಆ ಪ್ಲೇಟನ್ನು ಕೈಚೀಲಕ್ಕೆ ಹಾಕಿಕೊಂಡು, "ನನಗೆ ಏನೂ ಕೇಳ್ಬೇಡ, ಪ್ರಮಾಣ ಮಾಡಿದ್ದೀನಿ" ಎಂದು ಹೊರಟುಬಿಟ್ಟಿರಿ. ಯಜಮಾನರು, "ಯಾರಮ್ಮ ಅದು, ಹಗಲು ದರೋಡೆ" ಅಂದರು.

ನಾನು ದಡ್ಡಿಯಲ್ಲ. ಕೂತು ಯೋಚಿಸಿದೆ. ಈ ಕಾಗದವನ್ನು ಅಂಚೆಗೆ ಹಾಕದೆ ನಾನೇ ನಿಮ್ಮ ಬಾಗಿಲ ಸಂದಿಯಲ್ಲಿ ತೂರಿಸುತ್ತೇನೆ.

ಕೆಮ್ಮಣ್ಣ ನಮ್ಮಪ್ಪ ಇಟ್ಟ ಹೆಸರು. ಗಡಿಯಾಚೆಯ ರೇಡಿಯೊದಲ್ಲಿ ಸಂಕೇತದ ಅಂಕಿಗಳನ್ನು ಓದುವವನು ಅವನು. ಅಪ್ಪ ವರ್ಷಗಟ್ಟಲೆ ಕೇಳಿದ ಆ ಒಂದು ದನಿ ಅವನದೇ. ಅವನ ಅಣ್ಣ ಅವರ ಮುಖ್ಯ ಕೇಂದ್ರದಲ್ಲಿ ಕೂರುತ್ತಾನೆ. ತಾಯಿ ಅಣ್ಣನ ಮನೆಯಲ್ಲಿದ್ದಾಳೆ. ದಿನವೂ ಅಧಿಕೃತ ಸುದ್ದಿಗೆ ಮುಂಚೆ ಅವನು ಅದೇ ಸಂಕೇತದಲ್ಲಿ, ಅದೇ ಮಾತು ಸೇರಿಸುತ್ತಿದ್ದ: ಎದ್ದೆಯಾ ಅಣ್ಣಾ, ಅಮ್ಮನ ಮಂಡಿನೋವು ಹೇಗಿದೆ. ಸಂಕೇತ ಎಷ್ಟು ಸಲ ಬದಲಾದರೂ ಮೊದಲ ಸಾಲು ಬದಲಾಗಲಿಲ್ಲ. ಮೊದಲ ಸಾಲು ಏನೆಂದು ಗೊತ್ತಿದ್ದರೆ ಉಳಿದದ್ದು ಬಿಡಿಸುವುದು ಕಷ್ಟವಲ್ಲ. ನಮ್ಮವರಿಗೆ ದಾರಿ ಸಿಕ್ಕಿದ್ದು ಹಾಗೆ.

ಹಿಮದಡಿ ಸಿಕ್ಕ ನಾಲ್ವರಲ್ಲಿ ಅವನೂ ಒಬ್ಬನಿರಬೇಕು, ಆ ದಿನದ ಮೊರೆಯಲ್ಲಿ ಅವನು ಅಮ್ಮನ ಮಂಡಿ ಕೇಳಿರಲಿಕ್ಕಿಲ್ಲ. ನಾಟಕವಾಗಿದ್ದರೆ ಅದನ್ನು ಮರೆಯದೆ ಸೇರಿಸುತ್ತಿದ್ದರು. ಸಾಯುವವನು ಮರೆತ. ಅದು ನಿಜವೆಂದು ಅಪ್ಪನಿಗೆ ತಿಳಿದದ್ದು ಹಾಗೆ. ಅದೇ ನಿಮ್ಮ ಬಂಡೆಯಂಥ ಉತ್ತರ.

ಈಗ ಆಚೆ ಕಡೆಯವರು ಸಂಕೇತ ಯಾರಿಂದ ಸೋರಿತು ಎಂದು ಹುಡುಕುತ್ತಿರಬೇಕು. ಅಪ್ಪ ನ್ಯಾಯಾಲಯದಲ್ಲಿ ಬಾಯಿ ಬಿಟ್ಟರೆ ಅವರು ಹುಡುಕುವುದೇ ಬೇಡ. ಯಾರನ್ನು ಹಿಮದಿಂದ ಎತ್ತಿಸಿದನೋ ಅವನನ್ನೇ ಗುಂಡು ಹೊಡೆಯಲು ಗೋಡೆಗೆ ನಿಲ್ಲಿಸಿದಂತೆ. ಅಪ್ಪ ರುಜು ಹಾಕದೆ ಕೂತದ್ದು ಅದಕ್ಕೆ. ನಾನೋ, ಅದನ್ನೇ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿ ಲಾರಿಯಲ್ಲಿ ಕಳಿಸಲು ಹೊರಟಿದ್ದೆ.

ನಾನು ಊಹಿಸಿದ್ದು ತಪ್ಪಾದರೆ ತಪ್ಪೆಂದು ಬರೆಯಿರಿ. ಸರಿಯಾದರೆ ಏನೂ ಬರೆಯಬೇಡಿ.

ನಿಮ್ಮ ಕಕ್ಷಿಗಾರನ ಮಗಳು


ಏಪ್ರಿಲ್ ೨

ಹುಡುಗೀ,

ನ್ಯಾಯಾಲಯದ ಕುರ್ಚಿಗಳಿಗೆ ಹೊಸ ಮೆತ್ತೆ ಹಾಕಿಸಿದ್ದಾರೆ. ನನ್ನ ಬೆನ್ನಿಗೆ ಬಹಳ ಹಿತವಾಗಿದೆ. ಕೆಳಗಿನ ಸೈಕಲ್ ಅಂಗಡಿಯವನು ಟ್ಯೂಬಿಗೆ ಗಾಳಿ ಹೊಡೆಯುವ ಯಂತ್ರ ತಂದಿದ್ದಾನೆ, ಕಿವಿ ತೂತು ಬೀಳುತ್ತಿದೆ.

ನಿನ್ನ ಕಾಗದವನ್ನು ಇದರ ಜೊತೆ ವಾಪಸು ಕಳಿಸಿದ್ದೇನೆ. ಇಂಥದ್ದು ನನ್ನ ಕಚೇರಿಯಲ್ಲಿರಬಾರದು. ನಿನ್ನ ಬಳಿಯೂ ಇರಬಾರದು.

ನಿನ್ನ ಗುಂಪು ಕೂಗುವುದನ್ನು ನಿಲ್ಲಿಸಬೇಡ. ಇನ್ನೂ ಜೋರಾಗಿ ಕೂಗಲಿ. ಮಗಳೇ ಇಷ್ಟು ಕೂಗುತ್ತಿರುವಾಗ ಅಪ್ಪ ಬಾಯಿ ಬಿಡದೇ ಇರುತ್ತಾನೆಯೇ ಎಂದು ಎದುರಿನವರು ಹೆದರಬೇಕು.

ವಕೀಲಮ್ಮ


ಮೇ ೧೦

ಹುಡುಗೀ,

ಕೆಟ್ಟ ಸುದ್ದಿ. ಸರ್ಕಾರ ಕೇಸು ಬಿಡಲಿಲ್ಲ. ಗುಟ್ಟಿನ ಬದಲು ಒಂದು ಸಾರಾಂಶ ಬರೆದುಕೊಟ್ಟಿದೆ: "ಮೊರೆ ನಿಜವೆಂದು ನಂಬಲು ತನಗೆ ಕಾರಣವಿತ್ತೆಂದು ಆರೋಪಿ ಹೇಳುತ್ತಾನೆ." ಉಪ್ಪು, ಹುಳಿ, ಖಾರ ಒಂದೂ ಇಲ್ಲ. ನ್ಯಾಯಾಧೀಶರು ಸಾರಾಂಶವನ್ನು ಒಪ್ಪಿಕೊಂಡರು. ಆದರೆ ನಮಗೂ ಒಂದು ಬಾಗಿಲು ಬಿಟ್ಟಿದ್ದಾರೆ. ಸಾರಾಂಶ ಸಾಲದು ಎನಿಸಿದರೆ ಆರೋಪಿ ಕಟಕಟೆಯಲ್ಲಿ ನಿಂತು ತಾನೇ ಹೇಳಬಹುದು, ತಡೆಯುವುದಿಲ್ಲ ಎಂದರು.

ಅಂದರೆ ಇಷ್ಟು ದಿನ ಬೆದರಿಕೆ. ಇನ್ನು ಮೇಲೆ ಹೇಳುವುದು, ಇಲ್ಲವೇ ಹೇಳದಿರುವುದು. ಕೊನೆಯ ಗಳಿಗೆಯಲ್ಲಿ ಅವರು ಬೆದರಿ ಹಿಂದೆ ಸರಿಯಬಹುದು, ಅದನ್ನು ನೆಚ್ಚಿಕೊಳ್ಳಬೇಡ.

ಹೇಳಿದರೆ ಬಿಡುಗಡೆಯಾಗುತ್ತಾನೆ. ನ್ಯಾಯಾಧೀಶರ ಕಣ್ಣು ನೋಡಿ ಹೇಳುತ್ತಿದ್ದೇನೆ. ಹೇಳದಿದ್ದರೆ ವರ್ಷಗಳು, ಹತ್ತರವರೆಗೂ ಹೋಗಬಹುದು. ಅವನ ಕಿವಿ ಹಗಲೂ ರಾತ್ರಿ ಗುಂಯ್‌ಗುಡುತ್ತಿದೆ, ಅಲ್ಲಿ ವೈದ್ಯರಿಲ್ಲ, ನಿನಗೆ ಹೇಳಿಲ್ಲ. ವಕೀಲಳಾಗಿ ನನ್ನ ಸಲಹೆ ಒಂದೇ, ಹೇಳಲಿ. ನನ್ನ ಕಕ್ಷಿಗಾರ ಅವನು, ಗಡಿಯಾಚೆಯವನಲ್ಲ.

ನಿನ್ನಪ್ಪನನ್ನು ಕೇಳಿದೆ. "ನನ್ನದೊಂದೇ ಆದ್ರೆ ತೀರ್ಮಾನ ಮಾಡಿಯಾಗಿತ್ತು. ಆದ್ರೆ ನಾನು ಒಳಗಿದ್ರೆ ಹೊರಗೆ ಒಂಟಿಯಾಗೋಳು ಅವಳು. ಪುಟ್ಟಿ ಹೇಳು ಅಂದ್ರೆ ಹೇಳ್ತೀನಿ" ಅಂದ.

ನಿನ್ನ ತಲೆಯ ಮೇಲೆ ಇದನ್ನು ಹೊರಿಸಬಾರದಿತ್ತು. ನಿನ್ನ ವಯಸ್ಸಿನಲ್ಲಿ ನನಗೆ ಸೀರೆ ಆರಿಸಲೂ ಬರುತ್ತಿರಲಿಲ್ಲ.

ವಕೀಲಮ್ಮ


ಮೇ ೧೪

ವಕೀಲಮ್ಮನವರಿಗೆ,

ಅಪ್ಪನಿಗೆ ಬರೆದಿದ್ದೇನೆ. ಅಂಚೆಗೆ ಹಾಕುವ ಮೊದಲು ನಿಮಗೆ ಒಂದು ಪ್ರತಿ. ಆ ಕಾಗದವನ್ನು ಜೈಲಿನವರು ಓದಿ ಸರ್ಕಾರಿ ವಕೀಲರಿಗೂ ಮುಟ್ಟಿಸುತ್ತಾರೆ, ನನಗೆ ಗೊತ್ತು. ಆದ್ದರಿಂದ ಅದರಲ್ಲಿ ಕೂಗಿದ್ದೇನೆ. ನೀವು ಕೂಗು ಬಿಟ್ಟು ಕೊನೆಯ ಸಾಲು ನೋಡಿ. ಅಪ್ಪ ಅದನ್ನೇ ನೋಡುತ್ತಾನೆ.

ನಾಲ್ಕು ದಿನ ಗೆಳೆಯರಿಂದ ಎರವಲು ತಂದ ಪುಸ್ತಕಗಳಲ್ಲೆಲ್ಲ ಹುಡುಕಿದೆ. ಜನರ ಬಗ್ಗೆ ಎಲ್ಲ ಇದೆ. ಒಬ್ಬನ ಬಗ್ಗೆ, ಅವನ ತಾಯಿಯ ಮಂಡಿಯ ಬಗ್ಗೆ, ಏನು ಮಾಡಬೇಕೆಂದು ಯಾರೂ ಬರೆದಿಲ್ಲ. ಬರೆದವರ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೆ ಇಂಥ ಅಪ್ಪ ಇರಲಿಲ್ಲ, ಅಷ್ಟೇ.

ನಿಮ್ಮ ಕಕ್ಷಿಗಾರನ ಮಗಳು


ಮೇ ೧೪

ಅಪ್ಪಾ,

ಧೈರ್ಯವಾಗಿರು! ಕಟಕಟೆಯಲ್ಲಿ ತಲೆಯೆತ್ತಿ ನಿಲ್ಲು. ಸರ್ಕಾರ ಮುಚ್ಚಿಟ್ಟ ಒಂದೊಂದು ಗುಟ್ಟೂ ಹೊರಗೆ ಬರಲಿ! ನಿನ್ನ ಮಾತು ಕೇಳಲು ಇಡೀ ಊರು ಬರುತ್ತದೆ. ನಾಳೆಯಿಂದ ಮೆಟ್ಟಿಲ ಮೇಲೆ ಮತ್ತೆ ಕೂರುತ್ತೇವೆ. ಹೆದರಬೇಕಾದವರು ಅವರು, ನಾವಲ್ಲ!

ಅಡುಗೆ ಚೆನ್ನಾಗಿ ಮಾಡಿಕೊಳ್ಳುತ್ತಿದ್ದೇನೆ. ಒಂಟಿ ಎಂದು ಯಾರೋ ನಿನ್ನ ಕಿವಿ ಊದಿದ್ದಾರೆ. ಸುಳ್ಳು. ಮುದ್ರಣಾಲಯದ ಯಜಮಾನರ ಹೆಂಡತಿ ದಿನಾ ಜಗಳಕ್ಕೆ ಬರುತ್ತಾರೆ, ಒಂಟಿಯಾಗಲು ಪುರಸೊತ್ತೆಲ್ಲಿ?

ಕರಪತ್ರವನ್ನು ಕೊನೆಗೂ ಅಚ್ಚು ಹಾಕಿಸುತ್ತಿದ್ದೇನೆ. ನೀನು ತೆಗೆದುಹಾಕು ಎಂದದ್ದನ್ನು ತೆಗೆದಿದ್ದೇನೆ. ಅದು ಇಲ್ಲದಿರುವುದೇ ಸರಿ.

ನಿನ್ನ ಮಗಳು


ಜೂನ್ ೫

ಅಪ್ಪಾ,

ಆರು ವರ್ಷ. ನ್ಯಾಯಾಧೀಶರು ಅದನ್ನು ಓದುವಾಗ ಕನ್ನಡಕ ಸರಿಮಾಡಿಕೊಂಡರು, ನಿನ್ನನ್ನು ನೋಡಲಿಲ್ಲ. ಮೇಲಿನ ನ್ಯಾಯಾಲಯಕ್ಕೆ ಹೋಗುತ್ತೇವೆ. ನಿನ್ನ ಕಿವಿಗೆ ವೈದ್ಯರನ್ನು ಕಳಿಸಬೇಕೆಂದು ವಕೀಲಮ್ಮ ನಿನ್ನೆಯೇ ಅರ್ಜಿ ಕೊಟ್ಟರು.

ನೀನು ಕಟಕಟೆಯಲ್ಲಿ ನಿಂತಾಗ ನಿನ್ನ ಬೆನ್ನು ಜನರ ಕಡೆಗಿತ್ತು. ಹಿಂದೆ ನಡೆದದ್ದು ನಿನಗೆ ಕಾಣಲಿಲ್ಲ. ಅದನ್ನು ಬರೆಯುತ್ತೇನೆ.

ವಕೀಲಮ್ಮ, "ಆ ಮೊರೆ ನಾಟಕ ಅಲ್ಲ ಅಂತ ನಿಮಗೆ ಹೇಗೆ ಗೊತ್ತಾಯ್ತು?" ಎಂದು ಕೇಳಿದರು. ಸರ್ಕಾರಿ ವಕೀಲರ ಹಿಂದೆ ನಿಮ್ಮ ಇಲಾಖೆಯವರು ಸಾಲಾಗಿ ಕೂತಿದ್ದರು. ಅವರಲ್ಲೊಬ್ಬರು ಕಣ್ಣು ಮುಚ್ಚಿಕೊಂಡಿದ್ದರು. ಗಡಿಯಾಚೆಯ ಪತ್ರಿಕೆಯವನು ಪೆನ್ನು ಹಿಡಿದು ಮುಂದಕ್ಕೆ ಬಾಗಿದ್ದ. ನೀನು, "ದನಿಯಲ್ಲಿ ಗೊತ್ತಾಯ್ತು" ಅಂದೆ.

"ದನಿಯಲ್ಲಿ ಏನು?"

"ದನಿಯಲ್ಲಿ."

"ಇಷ್ಟೇನಾ?" ಎಂದು ನ್ಯಾಯಾಧೀಶರು ಕೇಳಿದರು. ಎರಡು ಸಲ ಕೇಳಿದರು. "ಇಷ್ಟೇ ಸ್ವಾಮಿ" ಎಂದು ನೀನು ಹೇಳಿದಾಗ ಕಣ್ಣು ಮುಚ್ಚಿದ್ದವರು ಕಣ್ಣು ತೆರೆದರು, ಇಲಾಖೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸರ್ಕಾರಿ ವಕೀಲರು ಗೆದ್ದವರ ಹಾಗೆ ಕಾಣಲಿಲ್ಲ ಅಪ್ಪಾ. ವಿರಾಮದಲ್ಲಿ ನೀರಿನ ಹೂಜಿಯ ಹತ್ತಿರ ನನ್ನ ಪಕ್ಕ ಬಂದು ನಿಂತು, ಲೋಟ ತುಂಬಿ ಮೊದಲು ನನಗೆ ಕೊಟ್ಟರು. ನಾನು ತೆಗೆದುಕೊಳ್ಳಲಿಲ್ಲ. ಅಷ್ಟು ದೊಡ್ಡತನ ನನಗಿಲ್ಲ, ಕ್ಷಮಿಸು.

ಪತ್ರಿಕೆಯವನ ಪುಸ್ತಕದಲ್ಲಿ "ದನಿಯಲ್ಲಿ" ಎಂದಷ್ಟೇ ಇತ್ತು. ಬೇಕೆಂದೇ ಹತ್ತಿರ ಹೋಗಿ ನೋಡಿದೆ.

ಹೊರಗೆ ಮೆಟ್ಟಿಲ ಮೇಲೆ ನಮ್ಮವರು ಕಾಯುತ್ತಿದ್ದರು. ನನ್ನ ಜೊತೆ ಗೋಡೆಗೆ ಅಂಟು ಬಳಿದವರು, ಬಿಸಿಲಲ್ಲಿ ಕೂತು ಗಂಟಲು ಹರಿದುಕೊಂಡವರು. "ಇಷ್ಟೆಲ್ಲ ಮಾಡಿದ್ದು ಇದಕ್ಕಾ?" ಎಂದು ಒಬ್ಬಳು ಅತ್ತಳು. ನಿನಗೆ ಗೊತ್ತಿರುವ ಆ ಉದ್ದನೆಯ ಹುಡುಗ, ನಮ್ಮ ಭಾಷಣಕಾರ, ನೇರವಾಗಿ ನನ್ನೆದುರು ಬಂದು, "ನಿಮ್ಮಪ್ಪ ಕೊನೆಗೂ ಸರ್ಕಾರದ ಅನ್ನದ ಋಣ ತೀರಿಸಿದ್ರು ನೋಡು. ಬೇಡಿ ಹಾಕಿಸ್ಕೊಂಡೂ ಅವರ ಬಾಗಿಲು ಕಾಯೋ ನಾಯಿ" ಅಂದ. ಎಲ್ಲರೂ ನನ್ನ ಕಡೆ ನೋಡಿದರು. ನಾನು ಯಾರಿಗೂ ಒಂದು ಮಾತು ಬಾಕಿ ಇಟ್ಟವಳಲ್ಲ, ನಿನಗೆ ಗೊತ್ತು. ಅವನ ಬಾಯಿ ಮುಚ್ಚಿಸುವ ಮಾತು ನನ್ನ ನಾಲಿಗೆಯ ಮೇಲೆಯೇ ಇತ್ತು. ಒಂದು ಸಾಲು ಹೇಳಿದ್ದರೆ ಅವನು ಅಲ್ಲೇ ನಿನ್ನ ಕಾಲಿಗೆ ಬೀಳುತ್ತಿದ್ದ.

ಕಂಬದಿಂದ ಕಂಬಕ್ಕೆ ಕಟ್ಟಿದ್ದ ನಮ್ಮ ಬಟ್ಟೆಯ ಫಲಕ ಒಂದು ಕಡೆ ಬಿಚ್ಚಿ ಜೋತಾಡುತ್ತಿತ್ತು. "ಎಲ್ಲವೂ ಬಯಲಾಗಲಿ" ಎಂದು ನಾನೇ ಬಣ್ಣದಲ್ಲಿ ಬರೆದದ್ದು. ಇನ್ನೊಂದು ಕಡೆಯದನ್ನೂ ಬಿಚ್ಚಿದೆ. "ಆ ತುದಿ ಹಿಡ್ಕೋ, ನೆಲಕ್ಕೆ ತಾಗ್ತಿದೆ" ಅಂದೆ. ಅವನು ಬೈಯುತ್ತಲೇ ಹಿಡಿದುಕೊಂಡ. ಇಬ್ಬರೂ ಎದುರುಬದುರು ನಡೆದು ಬಂದು ಅದನ್ನು ಮಡಚಿದೆವು.

ನಿನ್ನ ಮಗಳು